ಇಬ್ಬರು ಓದಿದ ಪುಟ

“ಇವಳು ಇಳಿದದ್ದು ಎಲ್ಲಿಂದ?” ಎಂದಳು ಅಕ್ಕ.

ಹೊಲಿಗೆ ಯಂತ್ರದ ಹಲಗೆಯ ಮೇಲೆ ನನ್ನ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಮಡಿಲಲ್ಲಿ ಯಾರದೋ ಅಂಗಿ, ತುಟಿಗಳ ನಡುವೆ ಎರಡು ಗುಂಡುಸೂಜಿ. ನಾನು ಊಟದ ಮೇಜಿನ ಮೇಲೆ ಪ್ರಬಂಧದ ಕರಡು ಹರಡಿಕೊಂಡು ಅಡಿಟಿಪ್ಪಣಿಗಳನ್ನು ತಿದ್ದುತ್ತಿದ್ದೆ. ಸಲ್ಲಿಸಲು ಒಂಬತ್ತು ದಿನ ಉಳಿದಿತ್ತು. ಆರು ವರ್ಷದಲ್ಲಿ ಎರಡು ಸಲ ಅವಧಿ ವಿಸ್ತರಿಸಿಕೊಂಡಿದ್ದೆ. ಮೂರನೆಯ ಸಲಕ್ಕೆ ನಿಯಮದಲ್ಲಿ ಜಾಗವಿರಲಿಲ್ಲ. ಒಂಬತ್ತು ದಿನದೊಳಗೆ ಕೊಡದಿದ್ದರೆ ನೋಂದಣಿ ರದ್ದು, ಆರು ವರ್ಷ ನೀರಿನಲ್ಲಿ ಮಾಡಿದ ಹೋಮ.

“ಯಾರು ಇಳಿದದ್ದು?”

“ನಿನ್ನ ಹದಿನಾಲ್ಕು ಮೆಟ್ಟಿಲಿನ ಹೆಂಗಸು.”

ನನಗೆ ರೇಗಿತು. “ಅಕ್ಕ, ಆ ಪುಟ ಆಗಲೇ ಹಸಿರಾಗಿದೆ. ನಿನಗೆ ಕೊಟ್ಟಿರೋದು ಕೊನೇ ತೊಂಬತ್ತು. ಅದನ್ನ ಮುಗಿಸು.”

“ಮುಗಿಸ್ತೀನಿ ಬಿಡೇ. ಆರು ವರ್ಷದಿಂದ ನಮ್ಮ ಹಾಲ್‌ನಲ್ಲಿ ಮಲಗಿಕೊಂಡು ಇವಳ ಜಪ ಮಾಡ್ತಿದೀಯ. ಒಂದ್ಸಲ ಮುಖ ನೋಡೋಣ ಅಂತ ತೆಗೆದೆ.”

ನನ್ನ ಕೆಲಸ ಇಷ್ಟು. ತೊಂಬತ್ತು ವರ್ಷದ ಹಿಂದೆ ಹೆಂಗಸರಿಗಾಗಿ ಒಂದು ಮಾಸಪತ್ರಿಕೆ ಬರುತ್ತಿತ್ತು. ಓದುಗರು ಅದಕ್ಕೆ ಬರೆದು, ಅದರಲ್ಲೇ ಅಚ್ಚಾದ ಪತ್ರಗಳು ಆರುನೂರ ನಲವತ್ತು ಪುಟಗಳಷ್ಟಿದ್ದವು. ಒಂದೊಂದು ಪುಟದ ಫೋಟೊ ತೆಗೆದು, ಯಾರು ಬೇಕಾದರೂ ಬಂದು ಓದಿ ತಿದ್ದಬಹುದಾದ ಮುಕ್ತ ಗ್ರಂಥಾಲಯವೊಂದಕ್ಕೆ ಹಾಕಿದ್ದೆ. ಅಲ್ಲಿ ಎಡಕ್ಕೆ ಪುಟದ ಚಿತ್ರ, ಬಲಕ್ಕೆ ನಾವು ಟೈಪ್ ಮಾಡಿದ ಪಠ್ಯ. ಟೈಪ್ ಮಾಡದ ಪುಟ ಕೆಂಪು. ಒಬ್ಬರು ಟೈಪ್ ಮಾಡಿ ಓದಿದರೆ ಹಳದಿ. ಬೇರೊಬ್ಬರು ಚಿತ್ರಕ್ಕೂ ಪಠ್ಯಕ್ಕೂ ತಾಳೆ ನೋಡಿ ಒಪ್ಪಿದರೆ ಹಸಿರು. ಹಳದಿ ಮಾಡಿದವರೇ ಹಸಿರು ಮಾಡುವಂತಿಲ್ಲ, ಗುಂಡಿಯೇ ಕಾಣುವುದಿಲ್ಲ.

ಮೊದಲ ವರ್ಷದ ಸೊಕ್ಕಿನಲ್ಲಿ ನಾನೇ ನನ್ನ ಯೋಜನೆಯಲ್ಲಿ ಬರೆದಿದ್ದೆ: ಇಬ್ಬರು ಓದಿದ ಪುಟಗಳನ್ನು ಮಾತ್ರ ಈ ಪ್ರಬಂಧ ಆಧಾರವಾಗಿ ಬಳಸುತ್ತದೆ. ಓದಲು ಚೆನ್ನಾಗಿತ್ತು. ಆದರೆ ಇಂಥ ಹಳೆಯ ಪತ್ರಗಳನ್ನು ಕೂತು ಓದುವ ಎರಡನೆಯ ಮನುಷ್ಯ ಪ್ರಪಂಚದಲ್ಲಿ ಒಬ್ಬನೇ ಇದ್ದ. ಅವನ ಖಾತೆಯ ಹೆಸರು ಹದ್ದಿನಕಣ್ಣು. ಗಂಡೋ ಹೆಣ್ಣೋ, ಎಷ್ಟು ವಯಸ್ಸೋ ಗೊತ್ತಿಲ್ಲ. ಅಭ್ಯಾಸಕ್ಕೆ ಅವನು ಎನ್ನುತ್ತೇನೆ. ಐನೂರ ಐವತ್ತು ಪುಟ ಹಸಿರು ಮಾಡಿ ಈ ವರ್ಷ ಇದ್ದಕ್ಕಿದ್ದಂತೆ ಬರುವುದು ಕಡಿಮೆ ಮಾಡಿದ. ಬೇರೆ ದಾರಿ ಕಾಣದೆ ಅಕ್ಕನಿಗೊಂದು ಖಾತೆ ತೆರೆದುಕೊಟ್ಟೆ. ಗೈಡ್ ಮೇಡಂ ಬೇಡ ಎನ್ನಲಿಲ್ಲ.

ಅಕ್ಕ ಓದುವುದು ಹೊಲಿಗೆ ಬಿಚ್ಚಿದ ಹಾಗೆ. ಒಂದು ಪುಟಕ್ಕೆ ಕಾಲು ಗಂಟೆ. ಭಾವ ಹಿಂದೆ ನಿಂತು ತಮಾಷೆ ಮಾಡುತ್ತಿದ್ದ. “ಡಾಕ್ಟ್ರೇ, ನಿಮ್ಮಕ್ಕ ಓದಿ ಮುಗಿಸೋ ಹೊತ್ತಿಗೆ ಪತ್ರ ಬರೆದವರ ಮೊಮ್ಮಕ್ಕಳೇ ಬಂದು ಉತ್ತರ ಕೊಡ್ತಾರೆ.”

ಈಗ ಅವಳು ತೆರೆದಿದ್ದದ್ದು ಇನ್ನೂರ ಹದಿಮೂರು ಮತ್ತು ಇನ್ನೂರ ಹದಿನಾಲ್ಕನೆಯ ಪುಟ. ನನ್ನ ಬಾಯಿಗೆ ಬರುವ ಪುಟಗಳು. ಪತ್ರ ಹೀಗಿತ್ತು: ‘ಎಲ್ಲರೂ ಹೊರಗೆ ಹೋಗುವಾಗ ಅತ್ತೆಯವರು ಹೊರಗಿನಿಂದ ಚಿಲಕ ಹಾಕುತ್ತಾರೆ. ನಾನು ಕಿಟಕಿಯ ಬಳಿ ಕೂತು ನಿಮ್ಮ ಪತ್ರಿಕೆ ಓದುತ್ತೇನೆ. ಕಿಟಕಿಯಿಂದ ಬೀದಿಯಲ್ಲಿ ಹೋಗುವವರ ಪಾದಗಳು ಮಾತ್ರ ಕಾಣುತ್ತವೆ. ಚಪ್ಪಲಿ ನೋಡಿ ಯಾರೆಂದು ಹೇಳಬಲ್ಲೆ. ಹೀಗೆ ಏಳು ವರ್ಷವಾಯಿತು. ಒಂದು ದಿನ’ – ಅಲ್ಲಿಗೆ ಪುಟ ಮುಗಿಯುತ್ತದೆ. ಮುಂದಿನ ಪುಟದ ತಲೆಯಲ್ಲಿ: ‘ಹೊರಟೇಬಿಟ್ಟೆ. ಹದಿನಾಲ್ಕು ಮೆಟ್ಟಿಲು ಇಳಿದೆ. ಗೇಟು ಮುಚ್ಚಿದೆ. ತಿರುಗಿ ನೋಡಲಿಲ್ಲ. ಇಂತಿ, ನಿಮ್ಮ ಓದುಗ ಸೋದರಿ.’

ಈ ಪತ್ರ ಸಿಕ್ಕ ದಿನ ಮೇಡಂ ನನ್ನನ್ನು ಅಪ್ಪಿಕೊಂಡಿದ್ದರು. ಅದರ ಮೇಲೆ ಮೂರು ಲೇಖನ ಬರೆದರು. ಹದಿನಾಲ್ಕು ಮೆಟ್ಟಿಲು ಎಂದರೆ ಏಳು ವರ್ಷದ ಎರಡು ಪಟ್ಟು, ಒಂದು ಅವಳ ದೇಹದ್ದು, ಇನ್ನೊಂದು ಅವಳ ಮನಸ್ಸಿನದು ಎಂದು ವಿವರಿಸಿದರು. ನಾನು ಮುಕ್ತ ವಿಶ್ವಕೋಶದಲ್ಲಿ ಆ ಪತ್ರದ ಬಗ್ಗೆ ಒಂದು ಲೇಖನ ಬರೆದೆ. ಯಾರು ಯಾರೋ ಅದನ್ನು ನಾಲ್ಕು ಭಾಷೆಗೆ ಅನುವಾದಿಸಿದರು. ನನ್ನ ಪ್ರಬಂಧದ ಹೆಸರೇ ‘ಹದಿನಾಲ್ಕು ಮೆಟ್ಟಿಲು’.

“ಕಿಟಕೀಲಿ ಪಾದ ಮಾತ್ರ ಕಾಣುತ್ತೆ ಅಂತಾಳೆ,” ಎಂದಳು ಅಕ್ಕ.

“ಅದು ತಲೆ ಎತ್ತಲಾರದ ಹೆಣ್ಣಿನ ದೃಷ್ಟಿ. ರೂಪಕ.”

“ರೂಪಕ ಗೀಪಕ ನನಗೆ ಗೊತ್ತಿಲ್ಲ. ಕಿಟಕೀಲಿ ಪಾದ ಕಾಣ್ಬೇಕಾದ್ರೆ ಮನೆ ಬೀದಿಗಿಂತ ಕೆಳಗಿರಬೇಕು. ಅಡಿಮನೆ. ಮದುವೆಯಾದ ಹೊಸದ್ರಲ್ಲಿ ನಾವು ಅಂಥದ್ರಲ್ಲೇ ಇದ್ದಿದ್ದು. ಅಲ್ಲಿಂದ ಹೊರಗೆ ಬರೋಳು ಮೆಟ್ಟಿಲು ಹತ್ತಬೇಕು ಕಣೇ. ಇವಳು ಇಳೀತಾಳೆ. ಅದೂ ಹದಿನಾಲ್ಕು. ಎಲ್ಲಿಂದ ಇಳಿದ್ಲು, ಆಕಾಶದಿಂದ?”

ನಾನು ಎದ್ದು ಹೋಗಿ ತೆರೆಯ ಮೇಲಿನ ಪುಟ ನೋಡಿದೆ.

ಅಕ್ಕ ಅಂಗಿಯ ತೋಳನ್ನು ಎತ್ತಿ ತೋರಿಸಿದಳು. “ಎರಡು ಬೇರೆ ಬಟ್ಟೆ ಸೇರಿಸಿ ಹೊಲಿದ್ರೆ ಬಣ್ಣ ಒಂದೇ ಇದ್ರೂ ನೇಯ್ಗೆ ತಿಳಿದುಬಿಡುತ್ತೆ. ಇದು ಇಬ್ಬರ ಮಾತು.”

ಮರುದಿನ ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆಗೆಯುವ ಮುಂಚೆಯೇ ನಿಂತಿದ್ದೆ. ಹಳೆಯ ಸಂಪುಟಗಳ ಕೋಣೆ ನೋಡಿಕೊಳ್ಳುವ ಅಟೆಂಡರ್ ಕೀಲಿ ಅಲ್ಲಾಡಿಸುತ್ತ ಬಂದ. “ಏನಮ್ಮ, ಇನ್ನೂ ಮುಗಿದಿಲ್ವಾ? ನಿಮಗಿಂತ ಆಮೇಲೆ ಸೇರಿದ ಗೆದ್ದಲುಗಳೆಲ್ಲ ಓದಿ ಮುಗಿಸಿ ಹೋದವು.”

ಸಂಪುಟದ ಪುಟಗಳಿಗೆ ಸಂಖ್ಯೆ ಇರಲಿಲ್ಲ. ಯಾವಾಗಲೋ ಬೈಂಡ್ ಮಾಡಿದವನು ಅಂಚು ಕತ್ತರಿಸುವಾಗ ಅವೂ ಹೋಗಿದ್ದವು. ನಾನು ಫೋಟೊ ತೆಗೆದ ಕ್ರಮವೇ ಪುಟಸಂಖ್ಯೆ. ಆರು ವರ್ಷದ ಹಿಂದೆ ಈ ಕೋಣೆಯಲ್ಲೇ ನಿಂತು, ಎಡಗೈಯಲ್ಲಿ ಪುಟ ತಿರುಗಿಸುತ್ತ ಬಲಗೈಯಲ್ಲಿ ಒತ್ತುತ್ತ, ನಾಲ್ಕು ದಿನದಲ್ಲಿ ಮುಗಿಸಿದ್ದೆ. ದಿನಕ್ಕೆ ನೂರ ಅರವತ್ತು. ಆಗ ಅದೂ ಹೆಮ್ಮೆಯ ವಿಷಯ.

ಆ ಪುಟ ತೆಗೆದೆ. ‘ಒಂದು ದಿನ’. ಹಾಳೆಯ ಅಂಚನ್ನು ಬೆರಳಲ್ಲಿ ಉಜ್ಜಿದೆ. ದಪ್ಪವಾಗಿತ್ತು. ಬೈಂಡರಿನ ಅಂಟು ಕೆಳಮೂಲೆಯಲ್ಲಿ ಒಂದು ಉಗುರಿನಷ್ಟು ಹರಿದು ಎರಡು ಹಾಳೆಗಳನ್ನು ಹಿಡಿದಿತ್ತು. ಅಟೆಂಡರ್ ತನ್ನ ಸ್ಟೀಲಿನ ಅಳತೆಪಟ್ಟಿ ಕೊಟ್ಟ. ಹಾಳೆಗಳು ಚಿಟ್ ಎಂದು ಬಿಟ್ಟುಕೊಂಡವು.

ನಡುವೆ ನಾನು ನೋಡದ ಎರಡು ಪುಟ ಇದ್ದವು. ಮೊದಲನೆಯದರ ತಲೆಯಲ್ಲಿ ಹೀಗಿತ್ತು:

‘ಚಿಲಕ ಹಾಕುವುದನ್ನು ಮರೆತು ಹೋದರು. ನಾನು ಬಾಗಿಲು ತೆರೆದು ನೋಡಿದೆ. ಸ್ವಲ್ಪ ಹೊತ್ತು ನಿಂತಿದ್ದೆ. ಮತ್ತೆ ಮುಚ್ಚಿದೆ. ಹೊರಗೆ ಹೋಗಿ ಏನು ಮಾಡುತ್ತಾರೆಂದು ನನಗೆ ತಿಳಿಯಲಿಲ್ಲ. ಸಂಜೆ ಅತ್ತೆಯವರು ಬಂದಾಗ ನಾನೇ ಹೇಳಿದೆ, ಇವತ್ತು ಚಿಲಕ ಹಾಕಿರಲಿಲ್ಲವೆಂದು. ಈ ಪತ್ರಕ್ಕೆ ಉತ್ತರ ಬೇಡ. ಪತ್ರಿಕೆ ತಪ್ಪದೆ ಬಂದರೆ ಸಾಕು.’

ಅದರ ಕೆಳಗೆ ಒಂದು ಗೆರೆ. ಗೆರೆಯ ಕೆಳಗಿನಿಂದ ಇನ್ನೊಬ್ಬಳ ಪತ್ರ. ಮಾಳಿಗೆಯ ಬಾಡಿಗೆ ಮನೆ, ನೀರು ಬಿಡದ ಮಾಲೀಕ, ಮಗುವಿನ ತೊಟ್ಟಿಲನ್ನು ಮೆಟ್ಟಿಲ ಕೆಳಗೆ ಇಡಲು ಬಿಡದ ಅವನ ಹೆಂಡತಿ. ಒಂದೂವರೆ ಪುಟ ಜಗಳವೇ. ಕೊನೆಗೆ ಗಂಡ ಬೇರೆ ಮನೆ ಹುಡುಕಿದ, ಸಾಮಾನೆಲ್ಲ ಗಾಡಿಗೆ ಹಾಕಿ ಕಳಿಸಿದರು, ಈಕೆ ಮಗುವನ್ನು ಎತ್ತಿಕೊಂಡು ಹೊರಟೇಬಿಟ್ಟಳು. ಹದಿನಾಲ್ಕು ಮೆಟ್ಟಿಲು ಇಳಿದಳು.

ಮನೆ ಬದಲಾಯಿಸಿದ್ದಳು, ಅಷ್ಟೇ.

ನನಗೆ ನಗು ಬಂತು. ಅಟೆಂಡರ್ ತಲೆ ಎತ್ತಿ ನೋಡಿದ. ಆಮೇಲೆ ಹೊರಗೆ ಹೋಗಿ ನಲ್ಲಿಯ ಬಳಿ ಮುಖ ತೊಳೆದುಕೊಂಡೆ. ವಾಪಸು ಬಂದು ಎರಡೂ ಪುಟಗಳ ಫೋಟೊ ತೆಗೆದೆ.

ಮೇಡಂ ಕೋಣೆಯ ಗೋಡೆಯ ಮೇಲೆ ವಿಚಾರ ಸಂಕಿರಣದ ದೊಡ್ಡ ಪೋಸ್ಟರ್ ಇತ್ತು. ಮೆಟ್ಟಿಲು ಇಳಿದು ಹೋಗುತ್ತಿರುವ ಹೆಂಗಸಿನ ಬೆನ್ನು. ಅದರ ಕೆಳಗೆ ಕೂತು ಅವರು ಫೋಟೊಗಳನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಯಾರಿಗೆ ತೋರಿಸಿದೀಯ?”

“ಅಕ್ಕನಿಗೆ. ಅವಳೇ ಕಂಡುಹಿಡಿದಿದ್ದು.”

“ಅಕ್ಕ ಏನು ಓದಿದಾರೆ?”

“ಟೈಲರ್, ಮೇಡಂ.”

ಅವರು ಫೋಟೊಗಳನ್ನು ನನ್ನ ಕಡೆ ಸರಿಸಿದರು. ಕೆಟ್ಟ ಹೆಂಗಸಲ್ಲ. ನನ್ನ ಎರಡೂ ವಿಸ್ತರಣೆಗೆ ಆಫೀಸಿನ ಮೆಟ್ಟಿಲು ಹತ್ತಿ ಇಳಿದವರು ಅವರೇ.

“ಈ ಪತ್ರದ ಮೇಲಿರೋ ಮೂರನೇ ಅಧ್ಯಾಯ ತೆಗೆದುಬಿಡ್ತೀನಿ,” ಎಂದೆ.

“ತೆಗೆದ್ರೆ ಪ್ರಬಂಧದ ಹೆಸರು ಬದಲಾಗ್ಬೇಕು. ಹೆಸರು ಬದಲಾಗ್ಬೇಕಾದ್ರೆ ಸಮಿತಿ ಸೇರ್ಬೇಕು. ಸಮಿತಿ ಸೇರೋದು ಮೂರು ತಿಂಗಳಿಗೊಂದ್ಸಲ. ಕಳೆದ ವಾರ ತಾನೇ ಸೇರಿ ಆಯ್ತು. ನಿನಗಿರೋದು ಎಷ್ಟು ದಿನ?”

“ಎಂಟು.”

“ಲೆಕ್ಕ ನೀನೇ ಹಾಕು.”

“ಒಂದು ಅಡಿಟಿಪ್ಪಣಿ ಹಾಕಿದ್ರೆ?”

“ಅಡಿಟಿಪ್ಪಣಿ ಹಾಕಿದ್ರೆ ಪರೀಕ್ಷಕರು ಅದೊಂದನ್ನೇ ಓದೋದು. ಉಳಿದ ಮುನ್ನೂರು ಪುಟ ಯಾರೂ ಓದಲ್ಲ.” ಕನ್ನಡಕ ಮತ್ತೆ ಹಾಕಿಕೊಂಡರು. “ನೋಡಮ್ಮ, ಇರೋ ಹಾಗೆ ತಂದ್ರೆ ನಾನು ಸಹಿ ಹಾಕ್ತೀನಿ. ಬದಲಾಯಿಸಿ ತಂದ್ರೆ ಹಾಕೋಕೆ ನನಗೆ ಅಧಿಕಾರವೇ ಇಲ್ಲ. ಪದವಿ ಬರಲಿ. ಆಮೇಲೆ ಒಂದು ಲೇಖನ ಬರೆದು ತಿದ್ದಿಕೊಂಡ್ರಾಯ್ತು. ತಪ್ಪು ಎಲ್ಲಿ ಓಡಿಹೋಗುತ್ತೆ?”

“ಆಮೇಲೆ ಬರೆದ್ರೆ ಪದವೀನೇ ಸುಳ್ಳು ಅಂತಾಗುತ್ತಲ್ಲ ಮೇಡಂ.”

“ಹಾಗಾದ್ರೆ ಬರೀಬೇಡ,” ಎಂದರು. ಸಿಟ್ಟಿನಿಂದಲ್ಲ. ಬಸ್ಸು ತಪ್ಪಿದರೆ ನಡೆದು ಹೋಗು ಎನ್ನುವ ಹಾಗೆ.

ಅಲ್ಲಿಂದ ನೇರ ವಿಭಾಗದ ಕಂಪ್ಯೂಟರ್ ಕೋಣೆಗೆ ಹೋದೆ. ಪ್ರಬಂಧ ನನ್ನ ಕೈಯಲ್ಲಿ ಇಲ್ಲದಿದ್ದರೂ ವಿಶ್ವಕೋಶ ಇತ್ತಲ್ಲ. ಅದು ಎಲ್ಲರದ್ದು. ಅಲ್ಲಿ ಯಾರ ಸಹಿಯೂ ಬೇಡ. ‘ಬದಲಿಸಿ’ ಒತ್ತಿ, ‘ಪತ್ರ ಬರೆದವಳು ಮನೆ ಬಿಟ್ಟು ಹೋಗಲಿಲ್ಲ’ ಎಂದು ತಿದ್ದಿದೆ. ಫೋಟೊ ಎರಡನ್ನೂ ಹಾಕಿದೆ.

ಆರು ನಿಮಿಷದಲ್ಲಿ ನಾನು ಬರೆದದ್ದು ಅಳಿಸಿಹೋಗಿ ಹಳೆಯದು ವಾಪಸು ಬಂತು. ಅಳಿಸಿದವನು ಹದ್ದಿನಕಣ್ಣು, ಅಲ್ಲೂ ಅವನದೇ ಕಾವಲು. ಕಾರಣ: ‘ಹನ್ನೊಂದು ಪ್ರಕಟಿತ ಆಧಾರಗಳಿಗೆ ವಿರುದ್ಧ. ಸ್ವಂತ ಸಂಶೋಧನೆಗೆ ಇಲ್ಲಿ ಅವಕಾಶವಿಲ್ಲ.’

ಅವನ ಚರ್ಚಾಪುಟಕ್ಕೆ ಹೋಗಿ ಬರೆದೆ: ‘ಆ ಹನ್ನೊಂದೂ ನಾನು ಬರೆದದ್ದನ್ನು ಓದಿ ಬರೆದವು. ಮೂರು ನನ್ನ ಗೈಡ್ ಬರೆದದ್ದು. ಉಳಿದವರು ಅವರನ್ನು ಓದಿದವರು. ಮೂಲ ಪುಟದ ಚಿತ್ರ ಹಾಕಿದ್ದೇನೆ, ನೋಡಿ.’

ಉತ್ತರ ಬಂತು: ‘ನೋಡಿದೆ. ನೀವು ಹೇಳುವುದು ಸರಿಯೇ ಇರಬಹುದು. ಆದರೆ ಇಲ್ಲಿ ಸರಿ ಎಂದರೆ ಹಾಗೆಂದು ಬೇರೆಲ್ಲೋ ಅಚ್ಚಾಗಿರಬೇಕು. ಎಲ್ಲಾದರೂ ಪ್ರಕಟಿಸಿ. ಪ್ರಬಂಧದಲ್ಲಿ ಬಂದರೂ ಸಾಕು. ನಾನೇ ತಿದ್ದುತ್ತೇನೆ.’

ಪ್ರಬಂಧ ಬದಲಾಗಲು ಸಮಿತಿ ಬೇಕು. ವಿಶ್ವಕೋಶ ಬದಲಾಗಲು ಪ್ರಬಂಧ ಬೇಕು. ಸಿಟ್ಟಿಗೆ ಇನ್ನೂರ ಹದಿಮೂರನೆಯ ಪುಟದ ಇತಿಹಾಸ ತೆರೆದೆ. ಮುಕ್ತ ಗ್ರಂಥಾಲಯದಲ್ಲಿ ಯಾರು ಯಾವಾಗ ಏನು ಮಾಡಿದರೆಂಬುದು ಅಳಿಸದೆ ಉಳಿಯುತ್ತದೆ. ಇನ್ನೂರ ಹದಿಮೂರು: ಹದ್ದಿನಕಣ್ಣು ಹಸಿರು ಮಾಡಿದ್ದು ಬೆಳಿಗ್ಗೆ ೯:೦೨. ಇನ್ನೂರ ಹದಿನಾಲ್ಕು: ೯:೦೨. ಒಂದೇ ನಿಮಿಷದಲ್ಲಿ ಎರಡೂ. ಅಕ್ಕನಿಗೆ ಅರ್ಧ ಗಂಟೆ ಬೇಕಾದ ಕೆಲಸ.

‘ನೀವು ಇದನ್ನು ಓದಲೇ ಇಲ್ಲ,’ ಎಂದು ಬರೆದೆ.

ಈ ಸಲ ಉತ್ತರ ತಡವಾಯಿತು. ‘ನಿಮ್ಮ ಮೊದಲ ನಲವತ್ತು ಪುಟಗಳನ್ನು ಅಕ್ಷರ ಬಿಡದೆ ಓದಿದೆ. ಒಂದೂ ತಪ್ಪಿರಲಿಲ್ಲ. ಆಮೇಲೆ ನಿಮ್ಮ ಹೆಸರು ನೋಡಿ ಒತ್ತುತ್ತಿದ್ದೆ. ಓದಿದ್ದರೂ ಏನು ಸಿಗುತ್ತಿತ್ತು? ಚಿತ್ರದಲ್ಲಿ ಇದ್ದದ್ದೇ ಪಠ್ಯದಲ್ಲಿತ್ತು. ಚಿತ್ರದಲ್ಲಿ ಇಲ್ಲದ್ದನ್ನು ಬಿಟ್ಟವರು ನೀವು. ಬೇಕಿದ್ದರೆ ಐನೂರ ಐವತ್ತನ್ನೂ ಮತ್ತೆ ಹಳದಿ ಮಾಡುತ್ತೇನೆ. ಹೇಳಿ.’

ಬೆರಳು ಕೀಲಿಮಣೆಯ ಮೇಲೇ ಇತ್ತು. ಐನೂರ ಐವತ್ತೂ ಹಳದಿಯಾದರೆ ಪ್ರಬಂಧದಲ್ಲಿ ಉಳಿಯುವುದು ಅಕ್ಕನಿಗೆ ಕೊಟ್ಟ ತೊಂಬತ್ತು. ಅದರಲ್ಲೂ ಅವಳು ಮುಗಿಸಿದ್ದು ಐವತ್ತೆರಡು.

‘ಬೇಡ,’ ಎಂದು ಬರೆದೆ.

ಹದ್ದಿನಕಣ್ಣು ಒಂದು ಮುಗುಳ್ನಗೆಯ ಚಿಹ್ನೆ ಹಾಕಿದ. ಉಳಿದ ಪುಟಗಳ ಇತಿಹಾಸವನ್ನು ನಾನು ತೆರೆಯಲಿಲ್ಲ.

ಹೊಸ ಪುಟಗಳನ್ನು ನಡುವೆ ಸೇರಿಸಿದರೆ ಅವುಗಳ ನಂತರದ ನಾನೂರಿಪ್ಪತ್ತೇಳು ಪುಟಗಳ ಸಂಖ್ಯೆಯೂ ಜರುಗುತ್ತದೆ, ಪ್ರಬಂಧದ ಅಡಿಟಿಪ್ಪಣಿಗಳೆಲ್ಲ ತಪ್ಪುತ್ತವೆ. ಹಾಗಾಗಿ ತುದಿಗೆ ಹಾಕಿದೆ. ಆರುನೂರ ನಲವತ್ತೊಂದು, ನಲವತ್ತೆರಡು. ಟೈಪ್ ಮಾಡಿದೆ. ಹಳದಿಯಾದವು. ಮೇಡಂಗೆ ಹೇಳಲಿಲ್ಲ. ಅವರು ಅಲ್ಲಿಗೆ ಬಂದು ನೋಡುವವರಲ್ಲ.

ಉಳಿದ ದಿನಗಳಲ್ಲಿ ಮನೆ ಅಡ್ಡಾಡಿದರೆ ತಾಗುವಷ್ಟು ಚಿಕ್ಕದಾಯಿತು. ಊಟದ ಮೇಜು, ಹೊಲಿಗೆ ಯಂತ್ರ, ನನ್ನ ಸುತ್ತಿದ ಹಾಸಿಗೆ, ಭಾವನ ಸೈಕಲ್ಲು, ಎಲ್ಲ ಒಂದೇ ಕೋಣೆಯಲ್ಲಿ. ಅಕ್ಕ ಓದಿಯೇ ಹಸಿರು ಮಾಡಿದಳು, ಒಂದೂ ಬಿಡದೆ. ಕೊನೆಯ ಎರಡು ದಿನ ಗಿರಾಕಿಗಳನ್ನು ಬಾಗಿಲಲ್ಲೇ ವಾಪಸು ಕಳಿಸಿದಳು. ನಾನು ಯಾವ ರೀತಿ ಸಲ್ಲಿಸುತ್ತೇನೆಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಭಾವ ಮಾತ್ರ, “ಏನು ಇಬ್ಬರೂ ಬಾಯಿಗೆ ಹೊಲಿಗೆ ಹಾಕ್ಕೊಂಡಿದೀರ?” ಎಂದು ಕೇಳಿ, ಸೈಕಲ್ಲು ಒರೆಸಲು ಹೋದ.

ಕೊನೆಯ ದಿನ ಮಧ್ಯಾಹ್ನ ಮೂರಕ್ಕೆ ಮೇಡಂ ಸಹಿ ಹಾಕಿದರು. ನಾಲ್ಕಕ್ಕೆ ಕೌಂಟರಿನ ಗುಮಾಸ್ತ ಐದು ಪ್ರತಿಗಳ ಮೇಲೂ ಮೊಹರು ಒತ್ತಿದ. ಮನೆಗೆ ಬಂದಾಗ ಅಕ್ಕ ಯಂತ್ರದ ಮುಂದೆಯೇ ಇದ್ದಳು. ತೆರೆಯ ಮೇಲೆ ಆರುನೂರ ನಲವತ್ತೊಂದನೆಯ ಪುಟ. ಆಗತಾನೆ ಹಸಿರು ಮಾಡಿದ್ದಳು.

“ಕೊಟ್ಯಾ?”

“ಹೂಂ.”

“ಹೇಗೆ?”

“ಇದ್ದ ಹಾಗೆ.”

ಅವಳು ದಾರವನ್ನು ಹಲ್ಲಿನಿಂದ ಕತ್ತರಿಸಿದಳು. “ಅವಳ ಅತ್ತೆ ಬರೀ ಚಿಲಕ ಹಾಕಿದ್ಲು. ನೀವೆಲ್ಲ ಸೇರಿ ಅವಳು ಹೊರಟೇಹೋದ್ಲು ಅಂತ ಊರಿಗೆಲ್ಲ ಸಾರಿಬಿಟ್ರಿ. ಇನ್ನು ಒಳಗೆ ಯಾರಾದ್ರೂ ಇದಾರಾ ಅಂತ ಯಾರು ಹೋಗಿ ನೋಡ್ತಾರೆ?”

“ಅವಳು ಸತ್ತು ಎಷ್ಟು ವರ್ಷ ಆಗಿರುತ್ತೋ ಅಕ್ಕ.”

“ಹಾಗಾದ್ರೆ ಸರಿ ಬಿಡು,” ಎಂದಳು. ಲ್ಯಾಪ್‌ಟಾಪ್ ಮುಚ್ಚಿ ನನ್ನ ಕೈಗೆ ಕೊಟ್ಟಳು. “ನನ್ನ ಖಾತೆ ತೆಗೆದುಹಾಕು.”

“ಅದು ತೆಗೆಯೋಕೆ ಬರಲ್ಲ. ಒಮ್ಮೆ ಮಾಡಿದ್ರೆ ಇರುತ್ತೆ.”

“ಚೆನ್ನಾಗಿದೆ,” ಎಂದಳು.

ನಾಲ್ಕು ತಿಂಗಳ ನಂತರ ಮೌಖಿಕ ಪರೀಕ್ಷೆ ನಡೆಯಿತು. ಹೊರಗಿನ ಪರೀಕ್ಷಕರು ಗಂಭೀರ ಮನುಷ್ಯ, ಪ್ರಬಂಧಕ್ಕೆ ಅಲ್ಲಲ್ಲಿ ಕಾಗದದ ಚೀಟಿ ಸಿಕ್ಕಿಸಿಕೊಂಡು ಬಂದಿದ್ದರು. ಹೆಚ್ಚಿನ ಚೀಟಿಗಳು ಮೂರನೆಯ ಅಧ್ಯಾಯದಲ್ಲಿದ್ದವು. “ಪ್ರತಿ ಪುಟವನ್ನೂ ಇಬ್ಬರು ಓದಿ ಖಚಿತಪಡಿಸಿದ್ದಾರೆ. ಇಂಥ ಶಿಸ್ತು ನಮ್ಮಲ್ಲಿ ಅಪರೂಪ,” ಎಂದರು. ನಂತರ, “ಈ ಪತ್ರದ ಬಗ್ಗೆ ಪ್ರಬಂಧದಲ್ಲಿ ಹೇಳದೇ ಬಿಟ್ಟದ್ದು ಏನಾದ್ರೂ ಇದೆಯಾ?” ಎಂದು ಕೇಳಿದರು.

ಅವರು ಕೇಳಿದ್ದು ಕುತೂಹಲಕ್ಕೆ. ಮೇಡಂ ನನ್ನ ಕಡೆ ನೋಡಲಿಲ್ಲ. ನೀರಿನ ಲೋಟದ ಮುಚ್ಚಳವನ್ನು ತೆಗೆದು ಮತ್ತೆ ಇಟ್ಟರು. ಹಿಂದಿನ ಸಾಲಿನಲ್ಲಿ ಭಾವ, ಅವನ ಪಕ್ಕದಲ್ಲಿ ಖಾಲಿ ಕುರ್ಚಿ. ಅಕ್ಕ ಬಂದಿರಲಿಲ್ಲ.

“ಇಲ್ಲ ಸರ್,” ಎಂದೆ.

ಚಪ್ಪಾಳೆಯಾಯಿತು. ಭಾವ ಎಲ್ಲರಿಗಿಂತ ಜೋರಾಗಿ ತಟ್ಟಿದ. ಸಂಜೆ ಮನೆಗೆ ಬಂದು, “ಈಗ ನಿಜವಾದ ಡಾಕ್ಟ್ರು ಕಣೇ,” ಎಂದು ಅಕ್ಕನಿಗೆ ಹೇಳಿದ. ಅಕ್ಕ, “ಹೌದಾ,” ಎಂದು ಯಂತ್ರ ತುಳಿಯತೊಡಗಿದಳು.

ಅದೇ ವಿಭಾಗದಲ್ಲಿ ನನಗೆ ಪಾಠ ಹೇಳುವ ಕೆಲಸ ಸಿಕ್ಕಿತು. ಬೇರೆ ಕೋಣೆ ಖಾಲಿ ಇಲ್ಲದ್ದರಿಂದ ಮೇಡಂ ಕೋಣೆಯಲ್ಲೇ ಒಂದು ಮೇಜು. ಪೋಸ್ಟರಿನ ಕೆಳಗೆ. ಹೊಸ ವಿದ್ಯಾರ್ಥಿಗಳು ಬಂದರೆ ಮೊದಲು ಅದನ್ನೇ ನೋಡುತ್ತಾರೆ. ನಾನು ಅಕ್ಕನ ಮನೆಯ ಹಾಲ್‌ನಿಂದ ಒಂದು ಬಾಡಿಗೆ ಕೋಣೆಗೆ ಹೋದೆ. ಮೂರನೆಯ ಮಹಡಿಯಿಂದ ಪೆಟ್ಟಿಗೆ ಇಳಿಸುವಾಗ ಅಕ್ಕ ಮೇಲಿನಿಂದ, “ನೋಡ್ಕೊಂಡು ಇಳಿ,” ಎಂದಳು. ಅದಷ್ಟೇ ಮಾತು.

ಪ್ರತಿ ದಿನ ಬೆಳಿಗ್ಗೆ ಆಫೀಸಿಗೆ ಬಂದು ಮೊದಲು ಮಾಡುವ ಕೆಲಸ ಒಂದಿದೆ. ಮುಕ್ತ ಗ್ರಂಥಾಲಯದಲ್ಲಿ ಒಂದೊಂದು ಪುಟವನ್ನೂ ಎಷ್ಟು ಜನ ತೆರೆದು ನೋಡಿದರೆಂದು ತೋರಿಸುವ ಎಣಿಕೆ ಇರುತ್ತದೆ. ಆರುನೂರ ನಲವತ್ತೊಂದನೆಯ ಪುಟದ ಎಣಿಕೆ ಎರಡು. ನಾನು, ಅಕ್ಕ. ಅದು ಹೆಚ್ಚಾಗಬೇಕೆಂದು ಬಯಸುತ್ತಿದ್ದೆನೋ ಹೆಚ್ಚಾಗಬಾರದೆಂದೋ ನನಗೇ ಗೊತ್ತಿಲ್ಲ. ಎಂಟು ತಿಂಗಳು ಎರಡೇ ಇತ್ತು. ಜಗತ್ತಿನ ಯಾವ ಮೂಲೆಯಿಂದ ಯಾರು ಬೇಕಾದರೂ ತೆರೆಯಬಹುದಾದ ಪುಟ.

ಹೋದ ಸೋಮವಾರ ಅದು ಮೂರಾಗಿತ್ತು.

ಮೇಡಂ ಎದುರಿನ ಮೇಜಿನಲ್ಲಿ ಹಾಜರಿ ಪುಸ್ತಕ ನೋಡುತ್ತಿದ್ದರು. ನನ್ನ ಚರ್ಚಾಪುಟದಲ್ಲಿ ಒಂದು ಸಂದೇಶ ಕಾದಿತ್ತು. ಹದ್ದಿನಕಣ್ಣು.

‘ಆರುನೂರ ನಲವತ್ತೊಂದು ನೋಡಿದೆ. ಈ ಸಲ ಪೂರ್ತಿ ಓದಿದೆ. ಹಸಿರು ಮಾಡಿದವರು ಚೆನ್ನಾಗಿ ತಾಳೆ ನೋಡಿದ್ದಾರೆ, ಒಂದು ಅಲ್ಪವಿರಾಮವೂ ತಪ್ಪಿಲ್ಲ. ನಿಮ್ಮ ಪ್ರಬಂಧವನ್ನು ವಿಶ್ವವಿದ್ಯಾಲಯ ಜಾಲತಾಣದಲ್ಲಿ ಹಾಕಿದ್ದಾರೆ, ಅದನ್ನೂ ತೆಗೆದು ನೋಡಿದೆ. ತಿದ್ದುಪಡಿ ಇರುತ್ತದೆಂದುಕೊಂಡಿದ್ದೆ. ಇರಲಿಲ್ಲ. ಪ್ರಕಟಿತ ಆಧಾರ ಏನು ಹೇಳುತ್ತದೋ ಅದನ್ನು ಹಾಕುವುದು ನನ್ನ ಕೆಲಸ. ಹಾಕಿದ್ದೇನೆ. ಡಾಕ್ಟರೇಟಿಗೆ ಅಭಿನಂದನೆ.’

ವಿಶ್ವಕೋಶದ ಲೇಖನ ತೆರೆದೆ. ‘ಪತ್ರ ಬರೆದವಳು ಹದಿನಾಲ್ಕು ಮೆಟ್ಟಿಲು ಇಳಿದು ಮನೆಬಿಟ್ಟು ಹೋದಳು’ ಎಂಬ ವಾಕ್ಯದ ತುದಿಯಲ್ಲಿ ಚಿಕ್ಕ ಅಂಕಿಗಳ ಸಾಲು ಉದ್ದವಾಗಿತ್ತು. ಕೆಳಗೆ ಆಧಾರಗಳ ಪಟ್ಟಿಯಲ್ಲಿ ಹನ್ನೆರಡನೆಯದು ನನ್ನ ಹೆಸರು.

ಮೇಲೆ ‘ಬದಲಿಸಿ’ ಎಂಬ ಗುಂಡಿ ಎಂದಿನಂತೆ ಇತ್ತು. ಒತ್ತಿದೆ. ಪಠ್ಯದ ಪೆಟ್ಟಿಗೆ ತೆರೆದುಕೊಂಡಿತು. ಸ್ವಲ್ಪ ಹೊತ್ತು ನೋಡುತ್ತ ಕೂತೆ. ಮುಚ್ಚಿದೆ.

“ಏನಾಯ್ತು?” ಎಂದರು ಮೇಡಂ.

“ಏನಿಲ್ಲ ಮೇಡಂ,” ಎಂದೆ. ಹನ್ನೊಂದಕ್ಕೆ ಕ್ಲಾಸಿತ್ತು.